ಹಿಮ ಕಾಣದ ಊರಿನವರಿಗೂ ಒಂದು ಹಿಮದ ಆಟ: ಕ್ರಾಸ್ ಕಂಟ್ರಿ ಸ್ಕೀಯಿಂಗ್ ಏನು, ಹೇಗೆ?

ಕರಾವಳಿಯವರಿಗೆ ಸ್ಕೀಯಿಂಗ್ ಎಂದ ಕೂಡಲೇ ನೆನಪಾಗುವುದು ದುಬೈ. 2005ರಲ್ಲಿ ಮಾಲ್ ಆಫ್ ದಿ ಎಮಿರೇಟ್ಸ್‌ನಲ್ಲಿ ಶುರುವಾದ ಸ್ಕೀ ದುಬೈಯನ್ನು ಗಾಜಿನ ಆಚೆಯಿಂದಲಾದರೂ ನೋಡದ ಗಲ್ಫ್ ಕುಟುಂಬಗಳು ಕಡಿಮೆ. ಹೊರಗೆ ಸುಡುವ ಬಿಸಿಲು, ಒಳಗೆ ಹಿಮ. ಮೇಲಿನಿಂದ ಜಾರಿ ಕೆಳಗೆ ಬರುವುದು, ಲಿಫ್ಟಿನಲ್ಲಿ ಕುಳಿತು ಮತ್ತೆ ಮೇಲೆ ಹೋಗುವುದು. ಅಲ್ಲಿ ಚಳಿ ಮಾಡುವುದೂ ಹಿಮ ಮಾಡುವುದೂ ಯಂತ್ರವೇ ಆದ್ದರಿಂದ ಇಂದು ಇದ್ದ ಹಾಗೆಯೇ ನಾಳೆಯೂ ಇರುತ್ತದೆ.

ಆದರೆ ಸ್ಕೀಯಿಂಗ್ ಅಂದರೆ ಅದೊಂದೇ ಅಲ್ಲ. ಗುಡ್ಡದಿಂದ ಇಳಿಯುವುದಕ್ಕೆ ಆಲ್ಪೈನ್ ಸ್ಕೀಯಿಂಗ್ ಎನ್ನುತ್ತಾರೆ. ಅದಕ್ಕಿಂತ ಹಳೆಯದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಇದರಲ್ಲಿ ಲಿಫ್ಟ್ ಇಲ್ಲ. ಏರು, ಇಳಿಜಾರು, ಸಪಾಟು ನೆಲ ಮೂರನ್ನೂ ತನ್ನದೇ ಕೈಕಾಲು ಮತ್ತು ಉಸಿರಿನ ಬಲದಲ್ಲಿ ದಾಟುತ್ತಾ ಕಿಲೋಮೀಟರ್‌ಗಟ್ಟಲೆ ಹೋಗಬೇಕು. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಮಕ್ಕಳು ಶಾಲೆಗೆ ಸೇರುವ ಹೊತ್ತಿಗೇ ಕಲಿಯುವ ವಿದ್ಯೆ ಇದು.

ಉಳ್ಳಾಲದಲ್ಲಿ, ಬಂಟ್ವಾಳದಲ್ಲಿ, ಕಾಸರಗೋಡಿನಲ್ಲಿ ಹಿಮ ಎಲ್ಲಿಂದ ಬರಬೇಕು? ಆಚೆ ಗಡಿಯಲ್ಲೂ ಅಷ್ಟೇ. ರಾಯಚೂರು ದಾಟಿದರೆ ಸಿಗುವ ತೆಲಂಗಾಣದ ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಕಡೆ ತೆಲುಗು, ಉರ್ದುವಿನ ಜೊತೆ ಕನ್ನಡವೂ ಕಿವಿಗೆ ಬೀಳುತ್ತದೆ. ಆದರೆ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ಆ ಊರುಗಳಲ್ಲಿ ಹಿಮದ ಮಾತೆತ್ತಿದರೆ ನಗುತ್ತಾರೆ. ಹಾಗಿದ್ದ ಮೇಲೆ ಈ ಆಟ ನಮಗೇಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಅದಕ್ಕೆ ಉತ್ತರ ಪಕ್ಕದ ಕೊಡಗಿನಲ್ಲಿದೆ.

ಕೊಡಗಿನಿಂದ ಚಿಲಿಯವರೆಗೆ

ಭವಾನಿ ತೆಕ್ಕಡ ನಂಜುಂಡ ಕೊಡಗಿನ ಹೆಣ್ಣುಮಗಳು. ಕಾಫಿ, ಕರಿಮೆಣಸು, ಜಡಿಮಳೆಯ ನಾಡು ಅದು. ಅಲ್ಲಿ ಮಂಜು ಉಂಟು, ಹಿಮ ಇಲ್ಲ. ಆದರೂ ಅವರು ಆರಿಸಿಕೊಂಡದ್ದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಗುಲ್ಮಾರ್ಗ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕದ ಹೆಸರಿನಲ್ಲಿ ಚಿನ್ನದ ಪದಕಗಳನ್ನು ಗೆದ್ದರು. ಕಾಶ್ಮೀರ, ಲಡಾಖ್, ಹಿಮಾಚಲದವರು ಓಡುವ ದಾರಿಯಲ್ಲಿ ಕರ್ನಾಟಕದ ಹೆಸರು ಮೇಲೆ ಬಂದದ್ದು ಹಲವರಿಗೆ ಆಶ್ಚರ್ಯವಾಗಿತ್ತು.

2025ರಲ್ಲಿ ಅವರು ದಕ್ಷಿಣ ಅಮೆರಿಕದ ಚಿಲಿ ದೇಶದ ಕೊರಾಲ್ಕೊದಲ್ಲಿ ಮಹಿಳೆಯರ 5 ಕಿ.ಮೀ. ಫ್ರೀಸ್ಟೈಲ್ ಸ್ಪರ್ಧೆಯಲ್ಲಿ ಕಂಚು ಪಡೆದರು. ಕ್ರಾಸ್ ಕಂಟ್ರಿಯಲ್ಲಿ ಭಾರತಕ್ಕೆ ಬಂದ ಮೊದಲ ಅಂತರರಾಷ್ಟ್ರೀಯ ಪದಕ ಎಂದು ಪತ್ರಿಕೆಗಳು ಬರೆದವು. ಚಿಲಿಗೇ ಏಕೆ ಹೋಗಬೇಕು? ಭೂಮಧ್ಯರೇಖೆಯ ಆಚೆ ಋತುಗಳು ತಿರುವುಮುರುವು. ನಮ್ಮಲ್ಲಿ ಮಳೆ ಹೊಡೆಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಚಳಿಗಾಲ. ಹಿಮ ಇದ್ದಲ್ಲಿಗೆ ಹೋಗಿ ಅಭ್ಯಾಸದ ದಿನ ಕೂಡಿಸಿಕೊಳ್ಳುವುದು ಈ ಆಟದಲ್ಲಿ ದೊಡ್ಡ ಕೆಲಸ. ಯಾಕೆಂದರೆ ಇಲ್ಲಿ ಬಲಕ್ಕಿಂತ ಮೊದಲು ಕಲಿಯಬೇಕಾದದ್ದು ಹಿಮವನ್ನು ಓದುವುದನ್ನು.

ಎರಡು ಹಲಗೆ, ಎರಡು ಕೋಲು

ಕ್ರಾಸ್ ಕಂಟ್ರಿ ಸ್ಕೀ ಉದ್ದ, ಕಿರಿದು ಮತ್ತು ಹಗುರ. ಬೂಟಿನ ಮುಂಭಾಗ ಮಾತ್ರ ಸ್ಕೀಗೆ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಬಿಡಿ. ಆಲ್ಪೈನ್‌ನಲ್ಲಿ ಹಿಮ್ಮಡಿಯನ್ನೂ ಬಿಗಿದು ಕಟ್ಟುತ್ತಾರೆ. ಹಿಮ್ಮಡಿ ಎತ್ತಲು ಆಗುವುದರಿಂದಲೇ ಇಲ್ಲಿ ನಡೆಯಲು, ಓಡಲು, ಏರಲು ಸಾಧ್ಯ.

ಹೋಗುವ ರೀತಿ ಎರಡು. ಒಂದು ಕ್ಲಾಸಿಕ್: ಎರಡೂ ಸ್ಕೀ ರೈಲು ಹಳಿಯಂತೆ ಸಮಾನಾಂತರ ಗೀರುಗಳಲ್ಲಿ ಹೋಗುತ್ತವೆ. ಒಂದು ಕಾಲಲ್ಲಿ ಒತ್ತಿ ಇನ್ನೊಂದರಲ್ಲಿ ಜಾರುವುದು. ನೋಡಲು ನಡಿಗೆಯ ಹಾಗೆಯೇ, ವೇಗ ಮಾತ್ರ ಓಟದ್ದು. ಇನ್ನೊಂದು ಸ್ಕೇಟಿಂಗ್ ರೀತಿ: ಐಸ್ ಸ್ಕೇಟಿಂಗ್ ಮಾಡುವವರಂತೆ ಕಾಲನ್ನು ಹೊರಗೆ ಓರೆಯಾಗಿ ತಳ್ಳುತ್ತಾ ಹೋಗುವುದು. ಫ್ರೀಸ್ಟೈಲ್ ಸ್ಪರ್ಧೆಗಳಲ್ಲಿ ಎಲ್ಲರೂ ಇದನ್ನೇ ಮಾಡುತ್ತಾರೆ, ಯಾಕೆಂದರೆ ಇದು ಹೆಚ್ಚು ವೇಗ.

ಕೋಲುಗಳ ಉದ್ದವೂ ಬೇರೆ ಬೇರೆ. ಕ್ಲಾಸಿಕ್ ಸ್ಪರ್ಧೆಯಲ್ಲಿ ಕೋಲು ಆಟಗಾರನ ಎತ್ತರದ ಶೇ. 83ಕ್ಕಿಂತ ಹೆಚ್ಚಿರಬಾರದು ಎಂದು ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್‌ನ ನಿಯಮ. ಸ್ಕೇಟಿಂಗ್‌ನಲ್ಲಿ ಅದು ಇನ್ನೂ ಉದ್ದ, ಸುಮಾರು ಗಲ್ಲ-ತುಟಿಯ ಮಟ್ಟಕ್ಕೆ ಬರುತ್ತದೆ. ಕೋಲು ಬರೀ ಊರುಗೋಲಲ್ಲ. ಕೈ, ಭುಜ, ಹೊಟ್ಟೆಯ ಬಲವೆಲ್ಲ ಅದರ ಮೂಲಕ ನೆಲಕ್ಕೆ ಇಳಿಯುತ್ತದೆ. ಮೈಯ ಮೇಲ್ಭಾಗ, ಕೆಳಭಾಗ ಎರಡನ್ನೂ ಒಟ್ಟಿಗೆ ದುಡಿಸುವ ಇಂಥ ಆಟಗಳು ಕಡಿಮೆ.

ಉಡುಪಿನ ಬಗ್ಗೆಯೂ ಒಂದು ಮಾತು. ಚಳಿಯಲ್ಲಿ ಆಡುವುದರಿಂದ ಮೈತುಂಬ ಬಟ್ಟೆ, ತಲೆಗೆ ಟೋಪಿ, ಕೈಗವಸು ಎಲ್ಲರಿಗೂ ಸಾಮಾನ್ಯ. ಹೀಗಾಗಿ ನಮ್ಮ ಹೆಣ್ಣುಮಕ್ಕಳು ಉಡುಪಿನ ಚಿಂತೆ ಇಲ್ಲದೆ ಸೇರಬಹುದಾದ ಆಟಗಳಲ್ಲಿ ಇದೂ ಒಂದು. ಮಹಿಳೆಯರ ಮತ್ತು ಪುರುಷರ ದೂರವೂ ಈಗ ಸಮ: 2022-23ರ ಋತುವಿನಿಂದ ವಿಶ್ವಕಪ್‌ನಲ್ಲಿ ಇಬ್ಬರಿಗೂ ಒಂದೇ ದೂರ ಇಟ್ಟಿದ್ದಾರೆ.

ದಾರಿಯನ್ನು ಹದ ಮಾಡುವುದು

ಬಿದ್ದ ಹಿಮದ ಮೇಲೆ ಹಾಗೆಯೇ ಸ್ಕೀ ಹಾಕಿ ಹೋದರೆ ಹೂತುಹೋಗುತ್ತದೆ. ಸೋಮೇಶ್ವರದ ಕಡಲ ಬದಿ ನಡೆದವರಿಗೆ ಇದು ತಿಳಿಯುತ್ತದೆ. ಮೇಲಿನ ಒಣ ಮರಳಿನಲ್ಲಿ ಕಾಲು ಇಳಿಯುತ್ತದೆ, ನಾಲ್ಕು ಹೆಜ್ಜೆಗೆ ಸುಸ್ತು. ಅಲೆ ಬಂದು ಹೋದ ಜಾಗದ ಒದ್ದೆ ಮರಳು ಗಟ್ಟಿ, ಅಲ್ಲಿ ಮಕ್ಕಳು ಸೈಕಲ್ ಕೂಡ ಬಿಡುತ್ತಾರೆ. ಹಿಮವನ್ನು ಹಾಗೆ ಗಟ್ಟಿ ಮಾಡುವ ಕೆಲಸಕ್ಕೆ ಗ್ರೂಮಿಂಗ್ ಎಂದು ಹೆಸರು.

ಅಗಲವಾದ ಪಟ್ಟಿಚಕ್ರದ ದೊಡ್ಡ ಯಂತ್ರವೊಂದು ದಾರಿಯ ಮೇಲೆ ಹೋಗುತ್ತದೆ. ಮುಂದಿನ ಹಲಗೆ ಏರುಪೇರು ಸರಿಮಾಡುತ್ತದೆ. ಹಿಂದಿನ ಉರುಳೆಯ ಹಲ್ಲುಗಳು ಹಿಮವನ್ನು ಪುಡಿಮಾಡಿ ಕಲಸುತ್ತವೆ. ಅದರ ಹಿಂದಿನ ಪಟ್ಟಿ ಅದನ್ನು ಒತ್ತಿ, ಮೇಲೆ ಬಾಚಣಿಗೆ ಎಳೆದಂತೆ ಗೆರೆ ಮೂಡಿಸುತ್ತದೆ. ಈ ಗೆರೆಗಳ ಅಗಲ ಭಾಗ ಸ್ಕೇಟಿಂಗ್‌ನವರಿಗೆ. ಬದಿಯಲ್ಲಿ ಅಚ್ಚೊತ್ತುವ ಸಲಕರಣೆ ಜೋಡಿ ಗೀರು ಕೊರೆಯುತ್ತದೆ, ಅದು ಕ್ಲಾಸಿಕ್‌ನವರಿಗೆ. ಕಂಬಳದ ಕರೆಯನ್ನು ದಿನಗಟ್ಟಲೆ ಉತ್ತು, ಮಣ್ಣು-ನೀರಿನ ಹದ ನೋಡಿ ಕೋಣಗಳಿಗೆ ಸಿದ್ಧಮಾಡುವ ಕೆಲಸ ಕಂಡವರಿಗೆ ಇದು ಹೊಸದೇನಲ್ಲ. ದಾರಿ ಹದವಾಗದಿದ್ದರೆ ಓಡುವವನು ಎಷ್ಟೇ ಗಟ್ಟಿಗನಾದರೂ ಉಪಯೋಗ ಇಲ್ಲ.

ಇದನ್ನು ಸಾಮಾನ್ಯವಾಗಿ ಸಂಜೆ ಅಥವಾ ರಾತ್ರಿ ಮಾಡುತ್ತಾರೆ. ಒತ್ತಿದ ಹಿಮದ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗಲು ಕೆಲವು ಗಂಟೆ ಬೇಕು. ಕಾಂಕ್ರೀಟ್ ಹಾಕಿದ ಕೂಡಲೇ ನಡೆಯಬಾರದು ಎನ್ನುವ ಹಾಗೆ. ಆದ್ದರಿಂದ ಯಂತ್ರ ಹೋದ ತಕ್ಷಣ ಅದರ ಹಿಂದೆಯೇ ಸ್ಕೀ ಹಾಕಿ ಹೋಗುವುದು ತಪ್ಪು. ಸ್ಕೀ ದಾರಿಯಲ್ಲಿ ಬರೀ ಬೂಟಿನಲ್ಲಿ ನಡೆಯುವುದು ಇನ್ನೂ ದೊಡ್ಡ ತಪ್ಪು. ಕಾಲಿನ ಗುಂಡಿ ರಾತ್ರಿ ಹೆಪ್ಪುಗಟ್ಟಿದರೆ ಮರುದಿನ ಬರುವವನು ಮುಗ್ಗರಿಸುವುದು ಖಂಡಿತ.

ಒಂದೇ ದಾರಿ, ಒಂದೇ ದಿನ, ಹಲವು ಹಿಮ

ಯಂತ್ರ ಎಷ್ಟೇ ಚೆನ್ನಾಗಿ ಮಾಡಿದರೂ ಬೆಳಿಗ್ಗೆ ಇದ್ದ ದಾರಿ ಮಧ್ಯಾಹ್ನಕ್ಕೆ ಇರುವುದಿಲ್ಲ. ಇಲ್ಲಿಂದಲೇ ಆಟದ ನಿಜವಾದ ಕಷ್ಟ ಶುರು.

ಸ್ಕೀ ಜಾರುವುದು ಏಕೆ ಎಂದು ಮೊದಲು ನೋಡೋಣ. ಸ್ಕೀಯ ಅಡಿ ಹಿಮಕ್ಕೆ ಉಜ್ಜುವಾಗ ಹುಟ್ಟುವ ಶಾಖಕ್ಕೆ ಮೇಲ್ಪದರ ತೀರಾ ತೆಳುವಾಗಿ ಒದ್ದೆಯಾಗುತ್ತದೆ. ಆ ತೇವವೇ ಎಣ್ಣೆಯ ಕೆಲಸ ಮಾಡುತ್ತದೆ. ತೇವ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ.

ಸೊನ್ನೆಗಿಂತ 15 ಡಿಗ್ರಿ ಕೆಳಗೆ ಹೊಸದಾಗಿ ಬಿದ್ದ ಹಿಮದ ಹರಳುಗಳಿಗೆ ಚೂಪು ಮೊನೆ. ತೇವವೇ ಹುಟ್ಟುವುದಿಲ್ಲ. ಸ್ಕೀ ಹೊಯಿಗೆಯ ಮೇಲೆ ಎಳೆದಂತೆ ಕಿರುಗುಟ್ಟುತ್ತದೆ, ನಿಧಾನ. ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿದ್ದರೆ ಹದ ಸರಿ, ಸ್ಕೀ ಚೆನ್ನಾಗಿ ಓಡುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಹೊಸ ಹಿಮ ಬೀಳುತ್ತಿದ್ದರೆ ದೊಡ್ಡ ತಲೆನೋವು. ಹಿಮ ಸ್ಕೀಯ ಅಡಿಗೆ ಅಂಟಿ, ಗಡ್ಡೆ ಕಟ್ಟಿ, ಕಾಲು ಎತ್ತಲು ಬಿಡುವುದಿಲ್ಲ. ಮಳೆ ಬಂದು ನಿಂತ ಮೇಲೆ ಮಕ್ತಲ್, ಗದ್ವಾಲ್ ಕಡೆಯ ಎರೆಹೊಲ ದಾಟಿದವರಿಗೆ ಈ ಅನುಭವ ಹೇಳಿಕೊಡಬೇಕಾಗಿಲ್ಲ. ಹತ್ತು ಹೆಜ್ಜೆಗೆ ಚಪ್ಪಲಿಯ ಅಡಿ ನಾಲ್ಕು ಬೆರಳು ಮಣ್ಣು. ಕೆರೆದು ತೆಗೆದರೆ ಮತ್ತೆ ಹತ್ತು ಹೆಜ್ಜೆಗೆ ಅಷ್ಟೇ. ಅಲ್ಲಿ ಎರೆಮಣ್ಣು, ಇಲ್ಲಿ ಹಸಿ ಹಿಮ.

ಬಿಸಿಲಿಗೆ ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ದಾರಿ ಗಾಜಿನಂತೆ. ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲು ಮೆಟ್ಟಿಲಿಗಿಂತ ಒಂದು ಕೈ ಹೆಚ್ಚು. ವೇಗ ಬಹಳ, ಹಿಡಿತ ಇಲ್ಲ. ಅದೇ ದಾರಿ ಹನ್ನೊಂದು ಗಂಟೆಗೆ ಸಕ್ಕರೆಯಂತೆ ಹರಳುಹರಳು, ಎರಡು ಗಂಟೆಗೆ ರಾಡಿ. ರಾಡಿಯಲ್ಲಿ ನೀರು ಸ್ಕೀಯನ್ನು ಕೆಳಗಿನಿಂದ ಹೀರಿ ಹಿಡಿಯುತ್ತದೆ. ಇಷ್ಟೂ ಸಾಲದು ಎಂಬಂತೆ, ದೇವದಾರು ಮರದ ನೆರಳಿನ ತಿರುವಿನಲ್ಲಿ ಇನ್ನೂ ಗಾಜು, ಅದರಾಚೆ ಬಿಸಿಲಿನ ಏರಿನಲ್ಲಿ ಆಗಲೇ ರಾಡಿ. ಒಂದೇ ಸುತ್ತಿನಲ್ಲಿ ಎರಡು ಮೂರು ಬಗೆಯ ಹಿಮ.

ಒಬ್ಬೊಬ್ಬರನ್ನೇ ಅರ್ಧ ನಿಮಿಷಕ್ಕೊಮ್ಮೆ ಬಿಡುವ ಸ್ಪರ್ಧೆಗಳಲ್ಲಿ ಇದರ ಪರಿಣಾಮ ಇನ್ನೂ ಜಾಸ್ತಿ. ಮುಂದೆ ಹೊರಟವನಿಗೆ ಗಟ್ಟಿ ದಾರಿ ಸಿಕ್ಕರೆ, ಕೊನೆಗೆ ಹೊರಟವನಿಗೆ ಎಲ್ಲರೂ ತುಳಿದು ಸವೆಸಿದ ದಾರಿ. ಹಿಮ ಬೀಳುತ್ತಲೇ ಇದ್ದರೆ ಉಲ್ಟಾ: ಮೊದಲು ಹೋದವನೇ ದಾರಿ ಬಿಡಿಸಬೇಕು.

ಮೇಣದ ಲೆಕ್ಕ

ಇದಕ್ಕೆಲ್ಲ ಮದ್ದು ಸ್ಕೀಯ ಅಡಿಗೆ ಹಚ್ಚುವ ವ್ಯಾಕ್ಸ್, ಅಂದರೆ ಮೇಣ. ಅದರಲ್ಲಿ ಎರಡು ಬಗೆ, ಎರಡಕ್ಕೂ ವಿರುದ್ಧ ಕೆಲಸ.

ಗ್ಲೈಡ್ ವ್ಯಾಕ್ಸ್ ಜಾರಲು. ಸ್ಕೀಯ ಅಡಿ ಪ್ಲಾಸ್ಟಿಕ್‌ನದು. ಅದರ ಮೇಲೆ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ಸವರಿ, ಆರಿದ ಮೇಲೆ ಕೆರೆದು, ಬ್ರಷ್‌ನಿಂದ ಉಜ್ಜುತ್ತಾರೆ. ತಣ್ಣಗಿನ ಚೂಪು ಹಿಮಕ್ಕೆ ಗಟ್ಟಿ ಮೇಣ, ಬೆಚ್ಚಗಿನ ಹಸಿ ಹಿಮಕ್ಕೆ ಮೆದು ಮೇಣ. ಹಸಿ ಹಿಮಕ್ಕಾದರೆ ಸ್ಕೀಯ ಅಡಿಯಲ್ಲಿ ಸಣ್ಣ ಗೀರುಗಳನ್ನೂ ಕೊರೆಯುತ್ತಾರೆ. ಟೈರಿನ ಗೀರಿನಂತೆ ನೀರು ಅದರಲ್ಲಿ ಹರಿದುಹೋಗುತ್ತದೆ.

ಗ್ರಿಪ್ ವ್ಯಾಕ್ಸ್ ಹಿಡಿಯಲು. ಇದು ಕ್ಲಾಸಿಕ್ ರೀತಿಯವರಿಗೆ ಮಾತ್ರ ಬೇಕು. ಕ್ಲಾಸಿಕ್ ಸ್ಕೀ ನಡುವೆ ಸ್ವಲ್ಪ ಬಿಲ್ಲಿನಂತೆ ಮೇಲೆದ್ದಿರುತ್ತದೆ. ಎರಡೂ ಕಾಲಿನ ಮೇಲೆ ಸಮ ಭಾರ ಇದ್ದಾಗ ನಡುಭಾಗ ಹಿಮಕ್ಕೆ ತಾಗುವುದಿಲ್ಲ, ಜಾರುತ್ತದೆ. ಒಂದೇ ಕಾಲಲ್ಲಿ ಒತ್ತಿದಾಗ ನಡುಭಾಗ ಕೆಳಗಿಳಿದು ಅಲ್ಲಿ ಹಚ್ಚಿದ ಮೇಣ ಹಿಮವನ್ನು ಕಚ್ಚುತ್ತದೆ. ಆ ಕಚ್ಚುವಿಕೆಯ ಬಲದಲ್ಲೇ ಮುಂದಕ್ಕೆ ತಳ್ಳಬೇಕು. ಡಬ್ಬಿಗಳ ಬಣ್ಣ ನೋಡಿ ಆರಿಸುತ್ತಾರೆ: ಹೆಚ್ಚು ಚಳಿಗೆ ಹಸಿರು, ಆಮೇಲೆ ನೀಲಿ, ನೇರಳೆ, ಸೊನ್ನೆಯ ಹತ್ತಿರಕ್ಕೆ ಕೆಂಪು. ಹೆಪ್ಪುಗಟ್ಟಿದ ಹಳೆಯ ಹಿಮಕ್ಕೆ ಕ್ಲಿಸ್ಟರ್ ಎಂಬ ಅಂಟು ಪಾಕ. ಹಲಸಿನ ಮೇಣದಂತೆ ಕೈಗೆ ಹತ್ತಿದರೆ ಬಿಡುವುದಿಲ್ಲ.

ತಪ್ಪಿದರೆ ಏನಾಗುತ್ತದೆ? ಬೇಕಾದದ್ದಕ್ಕಿಂತ ಗಟ್ಟಿ ಮೇಣ ಹಚ್ಚಿದರೆ ಏರಿನಲ್ಲಿ ಹಿಂದಕ್ಕೆ ಜಾರುತ್ತೀರಿ. ಮೆದು ಹಚ್ಚಿದರೆ ಹಿಮ ಅಂಟುತ್ತದೆ. ದಿನವಿಡೀ ಬದಲಾಗುವ ಹವೆಯಲ್ಲಿ ಕಲಿಯುವವರಿಗೆ ಸುಲಭ ಉಪಾಯ, ನಡುಭಾಗದಲ್ಲಿ ಮೀನಿನ ಪೊರೆಯಂತೆ ಕೊರೆದ ಅಥವಾ ಮೊಹೇರ್ ಕೂದಲಿನ ಪಟ್ಟಿ ಅಂಟಿಸಿದ ಸ್ಕೀ. ಇವುಗಳಿಗೆ ಗ್ರಿಪ್ ವ್ಯಾಕ್ಸ್ ಬೇಡ. ವೇಗ ಸ್ವಲ್ಪ ಕಡಿಮೆಯಾದರೂ ದಿನ ಹಾಳಾಗುವುದಿಲ್ಲ.

ಹಿಂದೆ ಹಸಿ ಹಿಮದಲ್ಲಿ ಗೆಲ್ಲಲು ಫ್ಲೋರಿನ್ ಬೆರೆತ ಮೇಣ ಬಳಸುತ್ತಿದ್ದರು. ನೀರನ್ನು ಅದು ಚೆನ್ನಾಗಿ ದೂರ ಇಡುತ್ತದೆ ನಿಜ, ಆದರೆ ಆ ರಾಸಾಯನಿಕ ಮಣ್ಣು-ನೀರಿನಲ್ಲಿ ಸೇರಿದರೆ ಅಳಿಯುವುದಿಲ್ಲ, ಮೇಣ ಕಾಯಿಸುವವರ ಶ್ವಾಸಕ್ಕೂ ಒಳ್ಳೆಯದಲ್ಲ. 2023-24ರ ಋತುವಿನಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅದಕ್ಕೆ ಪೂರ್ತಿ ನಿಷೇಧ ಇದೆ.

ಹಿಮ ಬದಲಾದರೆ ಕಾಲೂ ಬದಲಾಗಬೇಕು

ಮೇಣ ಎಷ್ಟೇ ಸರಿಯಿದ್ದರೂ ಉಳಿದದ್ದು ಆಟಗಾರನ ಕೆಲಸ.

ಗಾಜಿನಂಥ ದಾರಿಯಲ್ಲಿ ಮೊಣಕಾಲು ಬಗ್ಗಿಸಿ, ಭಾರ ಪಾದದ ನಡುವೆ ಇಟ್ಟುಕೊಳ್ಳಬೇಕು. ಹೆದರಿ ಹಿಂದಕ್ಕೆ ವಾಲಿದರೆ ಬೀಳುವುದು ಗ್ಯಾರಂಟಿ. ಇಳಿಜಾರಿನಲ್ಲಿ ವೇಗ ಕೈಮೀರುವ ಮೊದಲೇ ಒಂದು ಕಾಲನ್ನು ಗೀರಿನಿಂದ ಹೊರಗಿಟ್ಟು, ಹಿಮ್ಮಡಿ ಹೊರಗೆ ತಳ್ಳಿ, ಸ್ಕೀಯ ಒಳ ಅಂಚಿನಿಂದ ಬ್ರೇಕ್ ಹಾಕಬೇಕು. ತಿರುವಿನಲ್ಲಿ ಸಣ್ಣ ಸಣ್ಣ ಹೆಜ್ಜೆ ಇಟ್ಟು ತಿರುಗಬೇಕು.

ರಾಡಿಯಲ್ಲಿ ಉದ್ದ ಜಾರುವ ಆಸೆ ಬಿಡಬೇಕು. ಹೆಜ್ಜೆ ಗಿಡ್ಡ, ಬೇಗ ಬೇಗ. ಕೋಲಿನ ಮೇಲೆ ಪೂರ್ತಿ ಭಾರ ಹಾಕಿದರೆ ಅದು ಹೂತು ಕೈಗೆ ಎಳೆತ ಬೀಳುತ್ತದೆ. ಅದಕ್ಕೆ ಕೋಲಿನ ತುದಿಯ ಬಿಲ್ಲೆ ದೊಡ್ಡದಿರಬೇಕು. ನೆರಳಿನಿಂದ ಬಿಸಿಲಿಗೆ ಬರುವಾಗ ಸ್ಕೀ ಒಮ್ಮೆಗೇ ಹಿಡಿದಂತಾಗಿ ಮೈ ಮುಂದಕ್ಕೆ ಎಸೆಯುತ್ತದೆ. ಬಣ್ಣ ನೋಡಿ ಮೊದಲೇ ತಿಳಿಯಬೇಕು: ಹೊಳೆಯುವುದು ಐಸ್, ಮಂಕಾಗಿರುವುದು ಮೆದು. ಕಡಲಿಗೆ ಇಳಿಯುವ ಮೀನುಗಾರ ನೀರಿನ ಬಣ್ಣ ನೋಡಿ ಹೇಳುವ ಹಾಗೆ ಇದೂ ದಿನಗಟ್ಟಲೆ ನೋಡಿ ಬರುವ ಜ್ಞಾನ. ಯಾರಿಗೂ ಹುಟ್ಟಿನಿಂದ ಬಂದದ್ದಲ್ಲ.

ಮೈ ಬಗ್ಗೆಯೂ ಎಚ್ಚರ ಬೇಕು. ಚಳಿಯಲ್ಲೂ ಬೆವರು ಸುರಿಯುತ್ತದೆ. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾದರೆ, ನಿಂತ ಕೂಡಲೇ ಮೈ ತಣ್ಣಗಾಗಿ ಅಪಾಯ. ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆಯನ್ನು ಪದರ ಪದರವಾಗಿ ಹಾಕಬೇಕು. ಹಿಮದಿಂದ ತಿರುಗಿ ಬರುವ ಬಿಸಿಲು ಕಣ್ಣು ಸುಡುತ್ತದೆ, ಕಪ್ಪು ಕನ್ನಡಕ ಇಲ್ಲದೆ ಹೋಗಬಾರದು. ಬಾಯಾರಿಕೆ ಆಗದಿದ್ದರೂ ನೀರು ಕುಡಿಯುತ್ತಿರಬೇಕು.

ಸೋಚಿಯ ಬಿಸಿಲಲ್ಲಿ ನದೀಮ್ ಇಕ್ಬಾಲ್

ಬದಲಾಗುವ ಹಿಮ ಎಂದರೆ ಏನೆಂದು 2014ರಲ್ಲಿ ರಷ್ಯಾದ ಸೋಚಿಯಲ್ಲಿ ಜಗತ್ತೇ ನೋಡಿತು. ಆ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ಮೂವರೇ ಇದ್ದರು. ಕ್ರಾಸ್ ಕಂಟ್ರಿಯಲ್ಲಿ ಇದ್ದವರು ಜಮ್ಮು-ಕಾಶ್ಮೀರದ ರಾಜೌರಿಯ ಯೋಧ ನದೀಮ್ ಇಕ್ಬಾಲ್. ಭಾರತೀಯ ಒಲಿಂಪಿಕ್ ಸಂಸ್ಥೆ ಆಗ ಅಮಾನತಿನಲ್ಲಿತ್ತು. ಹಾಗಾಗಿ ಉದ್ಘಾಟನೆಯ ದಿನ ಮೂವರೂ ದೇಶದ ಬಾವುಟ ಹಿಡಿಯಲು ಆಗದೆ, ಒಲಿಂಪಿಕ್ ಬಾವುಟದ ಕೆಳಗೆ ನಡೆದರು. ಫೆಬ್ರವರಿ 11ರಂದು ಅಮಾನತು ತೆರವಾಯಿತು. ಫೆಬ್ರವರಿ 14ರಂದು ನಡೆದ 15 ಕಿ.ಮೀ. ಕ್ಲಾಸಿಕ್ ಸ್ಪರ್ಧೆಯಲ್ಲಿ ಇಕ್ಬಾಲ್ ಓಡಿದ್ದು ಭಾರತದ ಹೆಸರಿನಲ್ಲೇ.

ಆ ದಿನ ಎಷ್ಟು ಬೆಚ್ಚಗಿತ್ತೆಂದರೆ ನಾರ್ವೆಯ ಆಟಗಾರನೊಬ್ಬ ತೋಳಿಲ್ಲದ ಅಂಗಿ, ಗಿಡ್ಡ ಚಡ್ಡಿಯಲ್ಲಿ ಸ್ಪರ್ಧಿಸಿದ. ಹಿಮ ಕರಗಿ ಮೆತ್ತಗಾಗಿತ್ತು. ಇಂಥ ಹೊತ್ತಿನಲ್ಲಿ ಸಂಘಟಕರು ದಾರಿಗೆ ಉಪ್ಪು ಹಾಕುತ್ತಾರೆ. ಹಸಿ ಹಿಮಕ್ಕೆ ಉಪ್ಪು ಬಿದ್ದರೆ ಸ್ವಲ್ಪ ಭಾಗ ಕರಗುತ್ತದೆ, ಕರಗುವಾಗ ಸುತ್ತಲಿನ ಶಾಖ ಹೀರುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ. ಐಸಿಗೆ ಉಪ್ಪು ಬೆರೆಸಿ ಕೈಯಲ್ಲಿ ತಿರುಗಿಸಿ ಐಸ್‌ಕ್ರೀಮ್ ಮಾಡುತ್ತಿದ್ದ ಹಳೆಯ ಮರದ ಡಬ್ಬಿಯ ಸೂತ್ರವೇ ಇದು. ಆದರೆ ಅದು ಕೆಲವು ಗಂಟೆಯ ಮಾತು ಮಾತ್ರ.

ಸ್ವಿಟ್ಜರ್ಲೆಂಡಿನ ಡಾರಿಯೋ ಕೊಲೋನ್ಯಾ ಆ ಸ್ಪರ್ಧೆ ಗೆದ್ದರು. ಇಕ್ಬಾಲ್ 85ನೆಯವರಾಗಿ ಗುರಿ ಮುಟ್ಟಿದರು. 85 ಎಂದರೆ ಸೋಲು ಎನ್ನುವವರು ಒಂದು ಲೆಕ್ಕ ನೋಡಬೇಕು. ಗೆದ್ದವರ ಹಿಂದೆ ಸ್ಕೀ ಪರೀಕ್ಷಿಸುವವರು, ಮೇಣ ಹಚ್ಚುವವರು, ಹತ್ತಾರು ಜೊತೆ ಸ್ಕೀ, ಮತ್ತು ಬಾಲ್ಯದಿಂದ ವರ್ಷಕ್ಕೆ ನಾಲ್ಕೈದು ತಿಂಗಳು ಹದ ಮಾಡಿದ ದಾರಿ. ನಮ್ಮವರಿಗೆ ಇವು ಒಂದೂ ಆ ಮಟ್ಟದಲ್ಲಿ ಇರಲಿಲ್ಲ. 2006ರಲ್ಲಿ ಬಹಾದುರ್ ಗುಪ್ತಾ, 2010ರಲ್ಲಿ ತಾಶಿ ಲುಂಡುಪ್, 2014ರಲ್ಲಿ ಇಕ್ಬಾಲ್, 2018ರಲ್ಲಿ ಜಗದೀಶ್ ಸಿಂಗ್: ಒಲಿಂಪಿಕ್ ಕ್ರಾಸ್ ಕಂಟ್ರಿಯಲ್ಲಿ ಭಾರತದ ದಾರಿ ಹೀಗೆ ಒಬ್ಬೊಬ್ಬರೇ ನಡೆದು ಮಾಡಿದ ದಾರಿ.

ಗುಲ್ಮಾರ್ಗ್ ಕಾದ ಹಿಮ

ಈಗ ಚಿಂತೆ ಬೇರೆ. ಹಿಮವೇ ಹೇಳಿದ ದಿನಕ್ಕೆ ಬರುತ್ತಿಲ್ಲ. ಸಮುದ್ರ ಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್‌ನಲ್ಲೂ 2024ರ ಜನವರಿಯ ಹೆಚ್ಚಿನ ದಿನ ಬರೀ ಕಂದು ಹುಲ್ಲು ಕಾಣುತ್ತಿತ್ತು. 2025ರಲ್ಲಿ ಖೇಲೋ ಇಂಡಿಯಾ ಕೂಟದ ಗುಲ್ಮಾರ್ಗ್ ಭಾಗ ಫೆಬ್ರವರಿ 22ಕ್ಕೆ ಶುರುವಾಗಬೇಕಿತ್ತು. ಹಿಮ ಸಾಲದೆ ಮುಂದೂಡಿದರು. ಹಿಮ ಬಿದ್ದ ಮೇಲೆ ಮಾರ್ಚ್ 9ರಿಂದ 12ರವರೆಗೆ ನಡೆಸಿದರು.

ಮುಂದೂಡಿದ ಎರಡು ವಾರ ಕಾಗದದ ಮೇಲೆ ಸಣ್ಣದು. ಕರ್ನಾಟಕದಿಂದಲೋ ತೆಲಂಗಾಣದಿಂದಲೋ ರಜೆ ಹಾಕಿ, ಟಿಕೆಟ್ ಮಾಡಿಸಿ ಹೊರಟವರಿಗೆ ಅದು ಇಡೀ ವರ್ಷದ ಅವಕಾಶ. ಮಾರ್ಚ್ ಬಿಸಿಲಲ್ಲಿ ದಾರಿ ಬೇಗ ರಾಡಿಯಾಗುವುದು ಬೇರೆ.

ಯುರೋಪಿನವರಿಗೂ ಈ ಕಷ್ಟ ಬಂದಿದೆ. ಸ್ವಿಟ್ಜರ್ಲೆಂಡಿನ ದಾವೋಸ್, ಸ್ವೀಡನ್ನಿನ ಓಸ್ಟರ್‌ಸುಂಡ್‌ನಲ್ಲಿ ಚಳಿಗಾಲದ ಹಿಮವನ್ನು ಗುಡ್ಡೆ ಹಾಕಿ, ಮೇಲೆ ಮರದ ಹೊಟ್ಟು ಹೊದಿಸಿ, ಬೇಸಿಗೆ ಕಳೆಸಿ, ಮುಂದಿನ ಋತುವಿನ ಆರಂಭಕ್ಕೆ ದಾರಿಗೆ ಹಾಸುತ್ತಾರೆ. ನಮ್ಮ ಹಿರಿಯರು ಐಸ್ ಕರಗದಿರಲಿ ಎಂದು ಮರದ ಹೊಟ್ಟಿನಲ್ಲಿ ಮುಚ್ಚಿಡುತ್ತಿದ್ದ ಉಪಾಯವೇ ದೊಡ್ಡದಾಗಿ. 2022ರ ಬೀಜಿಂಗ್ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿ ಯಂತ್ರದ ಹಿಮದ ಮೇಲೆ ನಡೆಯಿತು. ಆ ಕೂಟದಲ್ಲಿ ಭಾರತದ ಏಕೈಕ ಸ್ಪರ್ಧಿ ಕಾಶ್ಮೀರದ ಆರಿಫ್ ಖಾನ್, ಆಲ್ಪೈನ್ ವಿಭಾಗದಲ್ಲಿ. ಹಣ ಇದ್ದವರು ಹಿಮವನ್ನೂ ಮಾಡಿಕೊಳ್ಳುತ್ತಾರೆ, ಇಲ್ಲದವರು ಆಕಾಶ ನೋಡಬೇಕು. ಈ ಅಂತರ ಹೆಚ್ಚುತ್ತಾ ಹೋದರೆ ಹಿಮ ಇಲ್ಲದ ಊರಿನ ಮಕ್ಕಳಿಗೆ ಮೊದಲು ಬಾಗಿಲು ಮುಚ್ಚುತ್ತದೆ. ಹಾಗಾಗಿ ಆಸಕ್ತಿ ಇರುವವರು ಹಿಮಕ್ಕೆ ಕಾಯದೆ ಊರಲ್ಲೇ ಶುರುಮಾಡುವುದು ಜಾಣತನ.

ಶುರು ಮಾಡುವುದು ಎಲ್ಲಿಂದ?

ಮೊದಲನೆಯದು ಉಸಿರು. ಓಟ, ಈಜು, ದೋಣಿ ಹುಟ್ಟು ಹಾಕುವುದು, ಕೋಲು ಹಿಡಿದು ಗುಡ್ಡ ಹತ್ತುವುದು ಎಲ್ಲವೂ ಈ ಆಟಕ್ಕೆ ಬುನಾದಿ. ಕರಾವಳಿಯ ಹುಡುಗರ ಭುಜಬಲಕ್ಕೆ ಇಲ್ಲಿ ಒಳ್ಳೆಯ ಬೆಲೆ ಇದೆ.

ಎರಡನೆಯದು ರೋಲರ್ ಸ್ಕೀ. ಗಿಡ್ಡ ಹಲಗೆಗೆ ಹಿಂದೆ ಮುಂದೆ ಚಕ್ರ. ಬೂಟು, ಕೋಲು, ಕಾಲಿನ ಚಲನೆ ಎಲ್ಲ ಹಿಮದ ಮೇಲಿನ ಹಾಗೆಯೇ. ನಾರ್ವೆಯವರೂ ಬೇಸಿಗೆಯಲ್ಲಿ ಇದರಲ್ಲೇ ಅಭ್ಯಾಸ ಮಾಡುತ್ತಾರೆ. ಬೇಕಾದದ್ದು ನುಣುಪಾದ ಡಾಂಬರು ಮತ್ತು ವಾಹನ ಇಲ್ಲದ ಹೊತ್ತು, ಅಷ್ಟೇ. ಈ ವಿಷಯದಲ್ಲಿ ಕೃಷ್ಣಾ-ತುಂಗಭದ್ರೆಯ ನಡುವಿನ ಗದ್ವಾಲ್, ಅದರಾಚೆಯ ಮಕ್ತಲ್, ನಾರಾಯಣಪೇಟೆಯ ಬಯಲಿಗೆ ಕರಾವಳಿಗಿಂತ ಅನುಕೂಲ ಹೆಚ್ಚು. ಅಲ್ಲಿ ನಮ್ಮಂತೆ ನಾಲ್ಕು ತಿಂಗಳು ಮಳೆ ಬಿಡದೆ ಸುರಿಯುವುದಿಲ್ಲ, ಘಾಟಿಯ ತಿರುವಿಲ್ಲ. ಬಿಸಿಲೇರುವ ಮೊದಲು, ಫಜ್ರ್ ಆದ ಮೇಲಿನ ಒಂದು ಗಂಟೆ ಸಾಕು. ಹೆದ್ದಾರಿಗೆ ಹೋಗಬಾರದು. ರೋಲರ್ ಸ್ಕೀಗೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ, ಹೆಲ್ಮೆಟ್, ಕೈಗವಸು, ಮೊಣಕಾಲಿನ ಕವಚ ಇಲ್ಲದೆ ಕಾಲಿಡಬಾರದು.

ಮೂರನೆಯದು ತರಬೇತಿ. ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಪಹಲ್ಗಾಮ್‌ನ ಜವಾಹರ್ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಸಂಸ್ಥೆ, ಇವು ಸರಕಾರಿ ಸಂಸ್ಥೆಗಳು. ಚಳಿಗಾಲದಲ್ಲಿ ಆರಂಭಿಕರಿಗೆ ಸ್ಕೀ ಕೋರ್ಸ್ ನಡೆಸುತ್ತವೆ. ಇವು ಹೆಚ್ಚಾಗಿ ಆಲ್ಪೈನ್ ಕೋರ್ಸ್‌ಗಳು. ಅರ್ಜಿ ಹಾಕುವ ಮೊದಲು ನಾರ್ಡಿಕ್, ಅಂದರೆ ಕ್ರಾಸ್ ಕಂಟ್ರಿ ಕಲಿಸುತ್ತಾರಾ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಕರ್ನಾಟಕದಲ್ಲಿ ಸಾಹಸ ಕ್ರೀಡೆಗಳಿಗೆಂದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದವರಿಗೆ ಪರ್ವತಾರೋಹಣ ಶಿಬಿರದ ಮೂಲಕ ಹಿಮಾಲಯ ನೋಡುವ ಅವಕಾಶ ಸಿಗುತ್ತದೆ. ಸೇನೆಗೆ ಸೇರಿದವರಿಗೆ ಗುಲ್ಮಾರ್ಗ್‌ನಲ್ಲಿ ಸೇನೆಯದೇ ಶಾಲೆ ಇದೆ.

ಕೊನೆಯದಾಗಿ ಹೆತ್ತವರಿಗೆ ಒಂದು ಮಾತು. ಕ್ರಿಕೆಟ್, ಕಬಡ್ಡಿ, ವಾಲಿಬಾಲ್‌ನಲ್ಲಿ ಒಂದು ಜಾಗಕ್ಕೆ ಸಾವಿರ ಮಂದಿ. ಇಲ್ಲಿ ಇಡೀ ದೇಶದಲ್ಲಿ ಆಡುವವರೇ ಕಡಿಮೆ. ಖರ್ಚು ಉಂಟು, ಬೀಳುವುದು ಉಂಟು, ಹೋದ ವರ್ಷವೇ ಹಿಮ ಬಾರದೆ ವಾಪಸ್ ಬರಬೇಕಾದೀತು. ಮಗನೋ ಮಗಳೋ ಇದರ ಬಗ್ಗೆ ಕೇಳಿದರೆ ನಗಬೇಡಿ, ಒಮ್ಮೆ ಕೂತು ಮಾತಾಡಿ. ಕೊಡಗಿನ ಮನೆಯೊಂದರಲ್ಲೂ ಈ ಮಾತು ಮೊದಲ ಸಲ ಬಂದ ದಿನ ಹೊರಗೆ ಹಿಮ ಬೀಳುತ್ತಿರಲಿಲ್ಲ.